ರೂಮು ಮಾಡಬೇಡಿ, ಮನೆಗೆ ಹೋಗಿ

"ಮಕ್ಕಳು ಸಣ್ಣವರು, ಅವರ ಮನೇಲಿ ಉಳಿದು ಯಾಕೆ ತೊಂದರೆ ಕೊಡೋದು? ರೂಮು ಮಾಡಿಬಿಡೋಣ. ಒಂದು ಗಳಿಗೆ ಹೋಗಿ ಮಾತಾಡಿಸ್ಕೊಂಡು ಬಂದರಾಯ್ತು." ರಜೆ ಹತ್ತಿರ ಬಂದಾಗ ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಎಷ್ಟು ಮನೆಗಳಲ್ಲಿ ಈ ಮಾತು ಕೇಳಿಬರುವುದಿಲ್ಲ? ಗೆಳೆಯನ ಮನೆ ಬೇಲೆಕೇರಿಯಲ್ಲಿ. ಹಾಸ್ಟೆಲಿನಲ್ಲಿ ಒಂದೇ ಬಕೆಟ್ಟು, ಒಂದೇ ಸೋಪು ಹಂಚಿಕೊಂಡು ವರ್ಷಗಟ್ಟಲೆ ಬದುಕಿದವರು. ಪಂಚಗಂಗಾ ಎಕ್ಸ್‌ಪ್ರೆಸ್ಸು ಸಂಜೆ ಬೆಂಗಳೂರು ಬಿಟ್ಟರೆ ಬೆಳಿಗ್ಗೆ ಅಂಕೋಲೆಯಲ್ಲಿ ಇಳಿಸುತ್ತದೆ. ಸ್ಟೇಷನ್ನಿನಿಂದ ಗೆಳೆಯನ ಮನೆ ದೂರವೇನಲ್ಲ. ಆದರೂ ಬುಕ್ಕಾಗುವುದು ಗೋಕರ್ಣದ ರೆಸಾರ್ಟು, ಇಲ್ಲವೇ ಕಾರವಾರದ ಹೋಟೆಲು. ಗೆಳೆಯನ ಪಾಲಿಗೆ ಉಳಿಯುವುದು ಎರಡನೆಯ ದಿನದ ಸಂಜೆಯ ಒಂದು ತಾಸು. ಅದನ್ನೂ ಬೀಚಿಗೂ ಊಟಕ್ಕೂ ನಡುವೆ ಹೇಗೋ ತೂರಿಸಬೇಕು.

ಇದನ್ನು ಈಗ ಸಭ್ಯತೆ ಎಂದು ಕರೆಯುತ್ತೇವೆ. ಮಕ್ಕಳನ್ನು ಕಟ್ಟಿಕೊಂಡು ಬೇರೆಯವರ ಮನೆಯಲ್ಲಿ ಉಳಿಯುವವರು ಲೋಕಜ್ಞಾನ ಇಲ್ಲದವರು, ರೂಮು ಮಾಡುವವರು ತಿಳಿವಳಿಕಸ್ಥರು ಎಂಬ ತೀರ್ಪು ಯಾವ ಚರ್ಚೆಯೂ ಇಲ್ಲದೆ ಊರೂರಲ್ಲಿ ಪಾಸಾಗಿಬಿಟ್ಟಿದೆ. ಪ್ರಯಾಣದ ಸಲಹೆ ಕೊಡುವವರು ಅದನ್ನೇ ಹೇಳುತ್ತಾರೆ, ಮಕ್ಕಳನ್ನು ಬೆಳೆಸುವ ಬಗ್ಗೆ ಉಪದೇಶ ಮಾಡುವವರೂ ಅದನ್ನೇ ಹೇಳುತ್ತಾರೆ. ಮನೆಯ ಹಿರಿಯರೂ ಈಗ ಅದಕ್ಕೆ ತಲೆಯಾಡಿಸತೊಡಗಿದ್ದಾರೆ. ನಾನು ಈ ತೀರ್ಪನ್ನು ಒಪ್ಪುವುದಿಲ್ಲ. ಇದು ಸ್ನೇಹವನ್ನು ಸದ್ದಿಲ್ಲದೆ ಕೊಲ್ಲುವ ಕ್ರಮ. ಎಳೆಯ ಮಕ್ಕಳ ತಂದೆತಾಯಿಗಳನ್ನು ಅವರಿಗೆ ಜನ ಬೇಕಾದ ಹೊತ್ತಿನಲ್ಲೇ ಒಂಟಿ ಮಾಡುವ ಕ್ರಮ. ಮತ್ತೆ, ಇದರೊಳಗೆ ನಾವು ಬಾಯಿಬಿಟ್ಟು ಹೇಳಲಾಗದ ಇನ್ನೂ ಕೆಲವು ಸಂಗತಿಗಳು ಅಡಗಿ ಕೂತಿವೆ.

ಮೊದಲು, ನಾವು ತಪ್ಪಿಸಿದೆವೆಂದು ಹೇಳಿಕೊಳ್ಳುವ ಆ ತೊಂದರೆ ಯಾರದ್ದು ಎಂಬುದನ್ನು ನೋಡಿ. 2010ರ ಅದಿರು ಹಗರಣದ ಸುದ್ದಿಯಲ್ಲಿ ಮಾತ್ರ ಬೇಲೆಕೇರಿಯ ಹೆಸರು ಕೇಳಿದವರಿಗೆ ಅಲ್ಲಿ ಮನೆಗಳಿವೆ, ಮನೆಗಳಲ್ಲಿ ಕಾಯುವವರಿದ್ದಾರೆ ಎಂಬುದು ಹೊಳೆಯುವುದಿಲ್ಲ. ನನಗೆ ಗೊತ್ತಿರುವ ಒಂದು ಮನೆ ಅಲ್ಲಿದೆ. ಕಾರವಾರದ ಸೀಬರ್ಡ್ ನೌಕಾನೆಲೆಗಾಗಿ ಕಡಲಂಚಿನ ತಮ್ಮ ಊರನ್ನು ಬಿಟ್ಟು ಈ ಕಡೆ ಬಂದ ಕುಟುಂಬ ಅದು. ಮಗ ಊರ ಹೊರಗೆ ಓದಿದವನು, ಅವನ ಗೆಳೆಯರು ಈಗ ನಾಲ್ಕೂ ದಿಕ್ಕಿನಲ್ಲಿದ್ದಾರೆ. ಅವರಲ್ಲೊಬ್ಬ ಹೆಂಡತಿ ಮಕ್ಕಳೊಂದಿಗೆ ಬರುತ್ತಾನೆಂದು ಫೋನು ಬಂತು. ತಾಯಿ ಮುಂಜಾನೆಯೇ ಬಂದರಿಗೆ ಹೋಗಿ ಇಸೋಣ ಮೀನು ತಂದರು. ಮಕ್ಕಳಿಗೆ ಖಾರ ಆಗಬಾರದೆಂದು ಬೇರೆ ಪಾತ್ರೆಯಲ್ಲಿ ಸಪ್ಪೆ ಸಾರು ಮಾಡಿದರು. ಒಳಕೋಣೆಯ ಮಂಚದ ಮೇಲಿದ್ದ ಬಲೆಯ ಕಟ್ಟು, ಅಕ್ಕಿ ಚೀಲ ಎಲ್ಲ ಹೊರಗೆ ಸಾಗಿಸಿದರು, ಹೊಸ ಚಾದರ ಹಾಸಿದರು. ಎಳೆಗೂಸು ಇದೆಯಂತೆ ಎಂದು ಪಕ್ಕದ ಮನೆಯಿಂದ ತೊಟ್ಟಿಲ ಬಟ್ಟೆ ಕೇಳಿ ತಂದು ಒಗೆದು ಒಣಗಿಸಿದರು. ಅತಿಥಿಗಳು ಬಂದದ್ದು ಸಂಜೆ ನಾಲ್ಕಕ್ಕೆ, ದಾರಿಯಲ್ಲಿ ಹೋಟೆಲಿನಲ್ಲಿ ಉಂಡು. ಚಹಾ ಕುಡಿದರು. ಮಗು ಒಲೆಯ ಕಡೆಗೆ ಅಂಬೆಗಾಲಿಟ್ಟಾಗಲೆಲ್ಲ ಎತ್ತಿ ಮಡಿಲಲ್ಲಿ ಕೂರಿಸಿಕೊಂಡರು. ದೊಡ್ಡ ಹುಡುಗಿ ಅಂಗಳದ ಬೆಕ್ಕಿನ ಹಿಂದೆ ಹೋಗಬೇಕೆಂದರೆ ಬೇಡ ಎಂದರು. ಮೊಬೈಲಿನಲ್ಲಿ ಎಲ್ಲರೂ ಸೇರಿ ಒಂದು ಫೋಟೋ. ಐದು ಗಂಟೆಗೆ, "ಮಕ್ಕಳ ನಿದ್ದೆ ಟೈಮು, ರೂಮಿಗೆ ಹೊರಡ್ತೇವೆ" ಎಂದು ಎದ್ದರು. ಇಸೋಣದ ಸಾರು ಆ ರಾತ್ರಿ ಮನೆಯವರೇ ಉಂಡರು. ಆ ತಾಯಿ ನನ್ನ ಹತ್ತಿರ ಕೇಳಿದ್ದು ಒಂದೇ ಮಾತು: "ನಮ್ಮನಿಲಿ ಒಂದು ರಾತ್ರಿ ಉಳದ್ರೆ ಎಂತ ಆಗ್ತಿತ್ತು ಅವ್ರಿಗೆ?"

ಈ ಪ್ರಶ್ನೆಗೆ ಉತ್ತರ ಕೊಡಿ. ಬೆಳಗಿನಿಂದ ದುಡಿದ ತಾಯಿಗೆ ನೀವು ಉಳಿಸಿದ್ದೇನು? ಕೆಲಸವನ್ನಂತೂ ಉಳಿಸಲಿಲ್ಲ, ಅದು ಆಗಲೇ ಮುಗಿದಿತ್ತು. ಆ ಕೆಲಸಕ್ಕೆ ಸಿಗಬೇಕಾಗಿದ್ದ ಸಂತೋಷವನ್ನು ಮಾತ್ರ ಕಿತ್ತುಕೊಂಡಿರಿ. ಒಮ್ಮೆ ಮನೆ, ಹಿತ್ತಿಲು, ತೆಂಗಿನಮರ, ದೋಣಿ ನಿಲ್ಲಿಸುವ ದಡ ಎಲ್ಲವನ್ನೂ ಬಿಟ್ಟುಕೊಟ್ಟು ಬಂದು, ಮತ್ತೆ ಕಷ್ಟಪಟ್ಟು ಒಂದು ಮನೆ ಕಟ್ಟಿದವರಿಗೆ, ಮಗನ ಗೆಳೆಯ ತನ್ನ ಮಕ್ಕಳನ್ನು ಈ ಸೂರಿನಡಿ ಮಲಗಿಸಿದ ಎಂಬುದು ಎಷ್ಟು ದೊಡ್ಡ ಮಾತಾಗಿತ್ತು! ಅವರಿಗೆ ತಿಳಿದದ್ದು ಮಾತ್ರ ಬೇರೆ: ನಮ್ಮ ಮನೆ ಅವರ ಮಕ್ಕಳಿಗೆ ತಕ್ಕದ್ದಲ್ಲ. ನೀವು ಹಾಗೆ ಅಂದಿಲ್ಲ, ನಿಜ. ಹೋಟೆಲಿನ ರೂಮು ನಿಮ್ಮ ಪರವಾಗಿ ಅಂದಿತು.

ಎರಡನೆಯದು, ಸಮಯದ ಲೆಕ್ಕ. ಅಮೆರಿಕದ ಕಾನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಪರಿಚಯಸ್ಥರೊಬ್ಬರು ಸಾಮಾನ್ಯ ಗೆಳೆಯರಾಗಲು ಸುಮಾರು 50 ಗಂಟೆಯ ಒಡನಾಟ ಬೇಕು, ಆಪ್ತರಾಗಲು 200 ಗಂಟೆಗೂ ಹೆಚ್ಚು. ಹಾಸ್ಟೆಲು, ಕ್ಯಾಂಪಸ್ಸು, ಮೊದಲ ನೌಕರಿಯ ದಿನಗಳಲ್ಲಿ ಆ ಗಂಟೆಗಳು ತಾವಾಗಿ ಸಿಗುತ್ತಿದ್ದವು. ಮಕ್ಕಳಾದ ಮೇಲೆ ಅವು ಎಲ್ಲಿಂದ ಬರಬೇಕು? ಚಹಾದ ಒಂದು ತಾಸಿನಲ್ಲಿ ಏನು ಮಾತಾಡಲು ಸಾಧ್ಯ? ಮಗುವಿಗೆ ಎಷ್ಟು ತಿಂಗಳು, ಯಾವ ಶಾಲೆ, ಫೀಸು ಎಷ್ಟು, ಮಳೆ ಹೇಗೆ, ಸೈಟಿನ ಬೆಲೆ ಎಷ್ಟು. ಕೆಲಸ ಹೋಯಿತು, ಅಪ್ಪನಿಗೆ ಕ್ಯಾನ್ಸರ್ ಎಂದು ಗೊತ್ತಾಯಿತು, ಗಂಡ ಹೆಂಡತಿ ನಡುವೆ ಮಾತಿಲ್ಲ, ಬೋಟಿನ ಸಾಲ ತೀರುತ್ತಿಲ್ಲ – ಇಂಥ ಮಾತುಗಳು ಚಹಾದ ಹೊತ್ತಿಗೆ ಹೊರಬರುವುದಿಲ್ಲ. ಅವು ಬರುವುದು ಮಕ್ಕಳು ಮಲಗಿದ ಮೇಲೆ, ಪಾತ್ರೆ ತೊಳೆದಾದ ಮೇಲೆ, ಜಗಲಿಯ ಚಿಟ್ಟೆಯ ಮೇಲೆ ಕಾಲು ಚಾಚಿ ಕೂತಾಗ, ಕರೆಂಟು ಹೋಗಿ ಬಂದು ಹೋಗಿ ಬಂದು ಮಾಡುವಾಗ.

ಮಕ್ಕಳಿರುವವರಿಗೆ ದಿನದಲ್ಲಿ ಉಳಿದಿರುವುದು ಈ ಒಂದು ಹೊತ್ತು ಮಾತ್ರ. ಅದನ್ನೇ ಹೋಟೆಲಿನ ರೂಮು ನುಂಗುತ್ತದೆ. ಎರಡು ವರ್ಷದ ಮಗುವಿನೊಂದಿಗೆ ರೂಮಿನಲ್ಲಿ ಉಳಿದವರಿಗೆಲ್ಲ ಇದು ಗೊತ್ತು. ಎಂಟೂವರೆಗೆ ಮಗು ಮಲಗಬೇಕು. ಇರುವುದು ಒಂದೇ ಕೋಣೆ, ದೀಪ ಆರಿಸಬೇಕು. ಸದ್ದು ಮಾಡುವಂತಿಲ್ಲ, ಬಾಗಿಲು ತೆರೆಯುವಂತಿಲ್ಲ. ಗಂಡ ಹೆಂಡತಿ ಬಚ್ಚಲ ಕಡೆಯಿಂದ ಬರುವ ಮಬ್ಬು ಬೆಳಕಿನಲ್ಲಿ, ಹಾಸಿಗೆಯ ಎರಡು ಅಂಚಿನಲ್ಲಿ ಕೂತು ಫೋನು ತಿಕ್ಕುತ್ತಾರೆ. ಅದೇ ಹೊತ್ತಿಗೆ ಬೇಲೆಕೇರಿಯ ಚಿಟ್ಟೆಯ ಮೇಲೆ ಗೆಳೆಯನೂ ಒಬ್ಬನೇ ಕೂತು ಫೋನು ತಿಕ್ಕುತ್ತಿರುತ್ತಾನೆ. ಎರಡು ಜಾಗಗಳ ನಡುವೆ ಅರ್ಧ ಮುಕ್ಕಾಲು ಗಂಟೆಯ ದಾರಿ. ಇಷ್ಟು ದೂರ ರೈಲಿನಲ್ಲಿ ಬಂದದ್ದು ಇದಕ್ಕೇನು? ಈ ರೂಮಿಗೆ ಒಂದು ರಾತ್ರಿಗೆ ಸಾವಿರಾರು ರೂಪಾಯಿ ಕೊಟ್ಟು, ನಾವು ಜವಾಬ್ದಾರಿಯಿಂದ ನಡೆದುಕೊಂಡೆವು ಎಂದು ಸಮಾಧಾನಪಡಬೇಕೇ?

ಎಳೆಯ ಮಕ್ಕಳನ್ನು ಸಾಕುವವರ ಒಂಟಿತನ ಕಲ್ಪನೆಯ ಮಾತಲ್ಲ. ಮಂಡ್ಯ ಜಿಲ್ಲೆಯ ಹಲ್ಲೆಗೆರೆ ಮೂಲದ ಡಾ. ವಿವೇಕ್ ಮೂರ್ತಿ ಅಮೆರಿಕದ ಸರ್ಜನ್ ಜನರಲ್ ಆಗಿದ್ದಾಗ 2023ರಲ್ಲಿ ಒಂಟಿತನವನ್ನು ಸಾರ್ವಜನಿಕ ಆರೋಗ್ಯದ ಸಮಸ್ಯೆಯೆಂದೇ ಸಾರಿ ಎಚ್ಚರಿಕೆ ಕೊಟ್ಟರು. ಮರುವರ್ಷ, 2024ರ ಆಗಸ್ಟಿನಲ್ಲಿ, ತಂದೆತಾಯಂದಿರ ಒತ್ತಡದ ಬಗ್ಗೆಯೇ ಮತ್ತೊಂದು ಎಚ್ಚರಿಕೆ ಹೊರಡಿಸಿದರು. ಹೆಚ್ಚಿನ ದಿನಗಳಲ್ಲಿ ಒತ್ತಡ ತಡೆಯಲಾರದಷ್ಟಾಗುತ್ತದೆ ಎಂದವರು ಮಕ್ಕಳನ್ನು ಸಾಕುತ್ತಿರುವವರಲ್ಲಿ ನೂರಕ್ಕೆ 48 ಮಂದಿ, ಉಳಿದ ವಯಸ್ಕರಲ್ಲಿ 26. ವಿಶ್ವ ಆರೋಗ್ಯ ಸಂಸ್ಥೆಯ ಆಯೋಗ 2025ರಲ್ಲಿ ಕೊಟ್ಟ ವರದಿ, ಜಗತ್ತಿನ ಆರು ಜನರಲ್ಲಿ ಒಬ್ಬರನ್ನು ಒಂಟಿತನ ಬಾಧಿಸುತ್ತಿದೆ ಎನ್ನುತ್ತದೆ. ಅಮೆರಿಕದ ಮಾತು ನಮಗೇಕೆ ಎನ್ನಬೇಡಿ. ಬೆಂಗಳೂರಿನ ಹದಿನಾಲ್ಕನೇ ಮಹಡಿಯಲ್ಲಿ ಬಾಣಂತನ ಮುಗಿಸಿ, ತವರಿನವರು ಊರಿಗೆ ಮರಳಿದ ಮೇಲೆ, ಗಂಡ ಆಫೀಸಿನಿಂದ ಬರುವವರೆಗೆ ಕೂಸಿನೊಂದಿಗೆ ಇಡೀ ದಿನ ಕಳೆಯುವ ಹೆಂಗಸಿಗೆ ಈ ಲೆಕ್ಕ ಬೇಕಾಗಿಲ್ಲ, ಅವಳು ಅದರೊಳಗೇ ಬದುಕುತ್ತಿದ್ದಾಳೆ. ಅವಳ ಪ್ರಾಣಸ್ನೇಹಿತೆ ಕಾರವಾರದಲ್ಲಿ ಶಾಲಾ ಶಿಕ್ಷಕಿ. ವರ್ಷಕ್ಕೊಮ್ಮೆ ಅವಳ ಮನೆಯಲ್ಲಿ ಮೂರು ರಾತ್ರಿ ಉಳಿದು ಬರುವುದು ಯಾವ ಸಮಾಲೋಚನೆಗಿಂತ, ಯಾವ ಮಾತ್ರೆಗಿಂತ ಕಡಿಮೆ? ಆದರೆ ನಾವು ಅವಳಿಗೆ ಹೇಳುವುದೇನು? "ಮಕ್ಕಳು ದೊಡ್ಡವರಾಗಲಿ, ಆಮೇಲೆ ಹೋಗುವಿಯಂತೆ." ಎಷ್ಟು ವರ್ಷ? ಮೊದಲ ಮಗು, ಎರಡನೆಯದು, ಆಮೇಲೆ ಶಾಲೆ, ಟ್ಯೂಷನ್ನು, ಹತ್ತನೇ ತರಗತಿ. ಅಷ್ಟರಲ್ಲಿ ಸ್ನೇಹಿತೆಯ ನಂಬರು ಬದಲಾಗಿರುತ್ತದೆ, ಅದನ್ನು ಕೇಳಿ ಪಡೆಯುವ ಸಲುಗೆಯೂ ಹೋಗಿರುತ್ತದೆ.

ಮಕ್ಕಳ ಹೆಸರಿನಲ್ಲಿ ಹೇಳುವ ಇನ್ನೊಂದು ನೆವ ರೊಟೀನು. ಜಾಗ ಬದಲಾದರೆ ಮಗು ಮಲಗುವುದಿಲ್ಲ, ಉಣ್ಣುವುದಿಲ್ಲ, ಹಠ ಮಾಡುತ್ತದೆ ಎಂಬ ಭಯ. ರೆಸಾರ್ಟು ಮಗುವಿಗೆ ಹೊಸ ಜಾಗವಲ್ಲವೇ? ಅಲ್ಲಿಯ ಏಸಿ, ಪರದೆ, ಬಫೆ ಊಟ ಅದಕ್ಕೆ ಹುಟ್ಟಿದಂದಿನಿಂದ ಪರಿಚಯವೇ? ರೊಟೀನು ಎರಡೂ ಕಡೆ ಕೆಡುತ್ತದೆ. ಒಂದು ಕಡೆ ಮಗು ಅತ್ತರೆ ಎತ್ತಿಕೊಳ್ಳಲು ಇನ್ನೂ ನಾಲ್ಕು ಜೊತೆ ಕೈಗಳಿರುತ್ತವೆ, ಇನ್ನೊಂದು ಕಡೆ ಪಕ್ಕದ ರೂಮಿನವರು ರಿಸೆಪ್ಷನ್ನಿಗೆ ದೂರು ಕೊಡುತ್ತಾರೆ. ವ್ಯತ್ಯಾಸ ಇಷ್ಟೇ.

ಗೆಳೆಯನ ಮನೆಯಲ್ಲಿ ಮಕ್ಕಳಿಗೆ ಸಿಗುವುದೇನು ಎಂದು ಒಮ್ಮೆ ಯೋಚಿಸಿ. ಬೇಸಿಗೆಯಾದರೆ ಅಂಕೋಲೆಯ ಕರಿ ಇಶಾಡ ಮಾವು. 2023ರಲ್ಲಿ ಜಿಐ ಮಾನ್ಯತೆ ಸಿಕ್ಕ ಆ ಹಣ್ಣಿನ ರಸ ಮೊಣಕೈವರೆಗೆ ಇಳಿಸಿಕೊಂಡು ಬಾವಿಕಟ್ಟೆಯಲ್ಲಿ ಕೈ ತೊಳೆಯಿಸಿಕೊಳ್ಳುವುದು. ಜೂನ್, ಜುಲೈಯಾದರೆ ಯಾಂತ್ರಿಕ ಮೀನುಗಾರಿಕೆ ನಿಷೇಧದ ಕಾಲ, ದಡದಲ್ಲಿ ಬೋಟುಗಳ ಸಾಲು. ಆಗ ಮನೆಯಲ್ಲಿ ಕುಚ್ಚಿಗೆ ಅಕ್ಕಿಯ ಗಂಜಿ, ಸುಟ್ಟ ಒಣಮೀನಿನ ಚಟ್ನಿ. ಇಳಿತದ ಹೊತ್ತಿನಲ್ಲಿ ಗೆಳೆಯನ ಮಗಳ ಹಿಂದೆ ಓಡುತ್ತ ಏಡಿ ಬಿಲ ಹುಡುಕುವ ಐದು ವರ್ಷದ ಹುಡುಗ ಕೊಂಕಣಿಯ ಹತ್ತು ಪದ ಕಲಿತು ಬರುತ್ತಾನೆ. ತನ್ನದಲ್ಲದ ತಟ್ಟೆಯಲ್ಲಿ, ತಾನು ಕೇಳದ ಅಡುಗೆಯನ್ನು, ತನ್ನ ಅಮ್ಮನಲ್ಲದವರು ಬಡಿಸಿದಾಗ ಉಣ್ಣುವುದನ್ನು ಕಲಿಯುತ್ತಾನೆ. ಟಿ.ವಿ. ಒಂದೇ ಇದೆ, ಅಜ್ಜಿ ಧಾರಾವಾಹಿ ನೋಡುವಾಗ ಕಾಯಬೇಕು ಎಂಬುದನ್ನು ಕಲಿಯುತ್ತಾನೆ. ಎಲ್ಲಕ್ಕಿಂತ ಹೆಚ್ಚಾಗಿ, ಅಪ್ಪನಿಗೆ ಒಂದು ಅಡ್ಡಹೆಸರಿತ್ತು, ಅಪ್ಪನನ್ನು ಏಕವಚನದಲ್ಲಿ ಬೈಯುವ ಜನ ಲೋಕದಲ್ಲಿದ್ದಾರೆ, ಅಪ್ಪ ಹೊಟ್ಟೆ ಹಿಡಿದು ನಗಬಲ್ಲ ಎಂಬುದನ್ನು ಕಣ್ಣಾರೆ ಕಾಣುತ್ತಾನೆ. ಸ್ನೇಹ ಎಂದರೇನೆಂದು ಮಕ್ಕಳು ತಿಳಿಯುವುದು ಇನ್ನು ಯಾವ ದಾರಿಯಿಂದ? ತಂದೆತಾಯಿ ಯಾರ ಮನೆಗೂ ಹೋಗದೆ, ಯಾರನ್ನೂ ಮನೆಗೆ ಕರೆಯದೆ ಬೆಳೆಸಿದ ಮಗು ಮುಂದೆ ಯಾರೊಂದಿಗೂ ಬೆರೆಯುವುದಿಲ್ಲ ಎಂದು ತಜ್ಞರ ಬಳಿ ಕರೆದೊಯ್ಯುವವರೂ ನಾವೇ.

ಕಡಲೂರಿನ ಮನೆಯಲ್ಲಿ ಅಪಾಯಗಳಿವೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಕಟ್ಟೆ ತಗ್ಗಿರುವ ಬಾವಿ, ಅಂಗಳ ದಾಟಿದರೆ ಸಮುದ್ರ, ಕೈಗೆಟುಕುವಲ್ಲಿ ಅಜ್ಜನ ಬಿಪಿ ಮಾತ್ರೆ, ಬಿಸಿನೀರಿನ ಹಂಡೆ. ಮೊದಲೇ ಮಾತಾಡಿಕೊಳ್ಳಿ, ಬಾವಿಗೆ ಬಲೆ ಹಾಕಿಸಿ, ಮಾತ್ರೆ ಮೇಲಿಡಿಸಿ, ಮಳೆಗಾಲದಲ್ಲಿ ಮಕ್ಕಳನ್ನು ನೀರಿಗೆ ಬಿಡಬೇಡಿ, ಸರದಿಯ ಮೇಲೆ ಒಬ್ಬರು ಕಣ್ಣಿಡಿ. ಒಂದು ಫೋನಿನಲ್ಲಿ ಮುಗಿಯುವ ವಿಷಯ ಇದು. ಈಜುಕೊಳವಿರುವ ರೆಸಾರ್ಟಿಗೆ ಹೋಗುವಾಗ ಈ ಭಯ ನಿಮ್ಮನ್ನು ತಡೆಯಲಿಲ್ಲವಲ್ಲ?

ಇನ್ನು ಯಾರೂ ಬಾಯಿಬಿಡದ ಸಂಗತಿಗೆ ಬರುತ್ತೇನೆ. "ಮಕ್ಕಳಿಗೆ ಮೀನಿನ ವಾಸನೆ ಆಗೋದಿಲ್ಲ", "ಅವರ ಊಟ ನಮ್ಮ ಮಕ್ಕಳಿಗೆ ಹಿಡಿಸೋದಿಲ್ಲ", "ಅತ್ತೆ ಜೊತೆಗಿದ್ದಾರೆ, ಅವರಿಗೆ ಸರಿಹೋಗೋದಿಲ್ಲ." ಈ ಮಾತುಗಳ ಹಿಂದಿರುವುದು ಏನೆಂದು ನಮಗೆಲ್ಲ ಗೊತ್ತು. ಕಾಲೇಜಿನಲ್ಲಿ ಒಂದೇ ಡಬ್ಬಿಯಲ್ಲಿ ಉಂಡವರು, ಮದುವೆಯಾಗಿ ಮಕ್ಕಳಾದ ಮೇಲೆ ಹರಿಕಾಂತರ, ಖಾರ್ವಿಗಳ, ಅಂಬಿಗರ, ಹಾಲಕ್ಕಿಗಳ ಮನೆಯಲ್ಲಿ ರಾತ್ರಿ ಉಳಿಯಲು ಹಿಂಜರಿಯುತ್ತಾರೆ. ಹಿಂದಾದರೆ ಮೈಲಿಗೆ ಎಂದು ನೇರವಾಗಿ ಹೇಳುತ್ತಿದ್ದರು, ಕೇಳಿದವರಿಗೆ ಜಗಳವಾಡುವ ಅವಕಾಶವಾದರೂ ಇತ್ತು. ಈಗ ಅದೇ ಮೈಲಿಗೆ ಮಕ್ಕಳ ಅನುಕೂಲದ ವೇಷ ತೊಟ್ಟು ಬರುತ್ತದೆ, ಪ್ರಶ್ನಿಸುವಂತಿಲ್ಲ. ಎಳೆಯ ಮಗುವಿಗೆ ಜಾತಿ ಗೊತ್ತಿದೆಯೇ? ಯಾವ ಅಡುಗೆಮನೆಯ ವಾಸನೆ ಹಿತ, ಯಾವುದು ಅಸಹ್ಯ ಎಂದು ಅದಕ್ಕೆ ಕಲಿಸುವವರು ಯಾರು? ಸಸ್ಯಾಹಾರಿಯಾಗಿರುವುದು ಯಾರ ಹಕ್ಕನ್ನೂ ಕಸಿಯುವುದಿಲ್ಲ. ಬೇಲೆಕೇರಿಯ ಮನೆಯವರು ನಿಮಗಾಗಿ ಹೊಸ ಮಡಕೆಯಲ್ಲಿ ಹೆಸರುಬೇಳೆ ಸಾರು ಮಾಡಿ ಬಡಿಸುತ್ತಾರೆ, ಅಷ್ಟು ಔದಾರ್ಯ ಅವರಿಗಿದೆ. ಆ ಔದಾರ್ಯಕ್ಕೆ ನಾವು ಕೊಡುವ ಉತ್ತರ ರೂಮಿನ ಬುಕಿಂಗು. ಜಾತ್ಯತೀತತೆಯ ಬಗ್ಗೆ ಭಾಷಣ ಮಾಡುವವರು, ಬರೆಯುವವರು, ಕತೆ ಕವಿತೆಗಳಲ್ಲಿ ಕಡಲನ್ನು ತರುವವರು ಇಂಥ ಎಷ್ಟು ಮನೆಗಳಲ್ಲಿ ತಮ್ಮ ಮಕ್ಕಳನ್ನು ಮಲಗಿಸಿದ್ದಾರೆ ಎಂದು ಕೇಳಿಕೊಳ್ಳಲಿ. ನಾನು ಇದನ್ನು ಸಿಟ್ಟಿನಿಂದಲೇ ಬರೆಯುತ್ತಿದ್ದೇನೆ. ಯಾಕೆಂದರೆ ಅವಮಾನ ಉಂಡ ಮನೆಯವರು ಸಿಟ್ಟು ಮಾಡುವುದಿಲ್ಲ, ಮುಂದಿನ ಸಲವೂ ಬನ್ನಿ ಎಂದೇ ಕಳಿಸುತ್ತಾರೆ.

ನನ್ನ ವಾದಕ್ಕೆ ಎದುರಾಗಿ ನಿಲ್ಲಬಲ್ಲ ಮಾತು ಒಂದೇ ಇದೆ. ಹೆಂಗಸರ ದುಡಿಮೆ. ಅತಿಥಿ ಸತ್ಕಾರ ಎಂದು ನಾವು ಹಾಡಿ ಹೊಗಳುವುದೆಲ್ಲ ಹೆಂಗಸರ ಬೆನ್ನಿನ ಮೇಲೆ ನಿಂತದ್ದು. ನಾಲ್ಕು ಜನ ಬಂದರೆ ಗಂಡಸು ಜಗಲಿಯಲ್ಲಿ ಕವಳ ಹಾಕುತ್ತ ಹರಟುತ್ತಾನೆ. ಹೆಂಗಸು ಒಲೆ ಮುಂದೆ ಬೆವರುತ್ತಾಳೆ, ಕೊನೆಗೆ ಉಣ್ಣುತ್ತಾಳೆ, ಎಲ್ಲರಿಗಿಂತ ತಡವಾಗಿ ಮಲಗುತ್ತಾಳೆ. ಬಂದ ಹೆಂಗಸೂ ವಿಶ್ರಾಂತಿ ಕಾಣುವುದಿಲ್ಲ, ಮಗುವನ್ನು ಸೊಂಟಕ್ಕೇರಿಸಿಕೊಂಡು ಅಡುಗೆಮನೆಯಲ್ಲಿ ಕಾಯಿ ತುರಿಯುತ್ತಾಳೆ. ಈ ಮಾತು ಹೇಳಿ, ಅದಕ್ಕೇ ನಾವು ರೂಮು ಮಾಡುತ್ತೇವೆ ಎನ್ನುವವರಿದ್ದಾರೆ. ಹೌದು, ಈ ಅನ್ಯಾಯ ನಿಜ. ಆದರೆ ಅದಕ್ಕೆ ಪರಿಹಾರ ಬಾಗಿಲು ಮುಚ್ಚುವುದೇ? ಗಂಡಸರು ಎದ್ದು ಕೆಲಸ ಮಾಡುವುದಕ್ಕಿಂತ ಹೆಂಗಸರು ಗೆಳತಿಯರನ್ನು ಕಳೆದುಕೊಳ್ಳುವುದು ಸುಲಭವೆಂದು ತೀರ್ಮಾನಿಸಿದವರು ಯಾರು? ರೂಮು ಮಾಡಿ ಉಳಿಸಿದ್ದು ಹೆಂಗಸಿನ ಬೆನ್ನನ್ನಲ್ಲ, ಗಂಡಸಿನ ಸೋಮಾರಿತನವನ್ನು.

ಮೀನು ಸ್ವಚ್ಛ ಮಾಡಲು ಬೋಟಿನಲ್ಲಿ ದುಡಿದ ಗಂಡಸಿಗೆ ಬರುವುದಿಲ್ಲವೇ? ವಾರಗಟ್ಟಲೆ ಕಡಲಿನ ಮೇಲೆ ತಾನೇ ಅಡುಗೆ ಮಾಡಿ ಉಣ್ಣುವವನು ದಡಕ್ಕೆ ಬಂದ ಕೂಡಲೇ ಮರೆತುಬಿಡುತ್ತಾನೆಯೇ? ಬೆಂಗಳೂರಿನ ಫ್ಲ್ಯಾಟಿನಲ್ಲಿ ಪಾತ್ರೆ ತೊಳೆಯುವ ಗಂಡ ಗೆಳೆಯನ ಮನೆಯಲ್ಲಿ ಕೈಕಟ್ಟಿ ಕೂರುವುದೇಕೆ? ಎರಡು ಮನೆಯ ಗಂಡಸರು ಒಂದು ಹೊತ್ತಿನ ಅಡುಗೆ ವಹಿಸಿಕೊಳ್ಳಲಿ, ಮಕ್ಕಳ ಸ್ನಾನ ವಹಿಸಿಕೊಳ್ಳಲಿ, ರಾತ್ರಿ ಮಗು ಎದ್ದರೆ ಏಳಲಿ. ಗೆಳತಿಯರಿಬ್ಬರು ಸಂಜೆ ದಂಡೆಯ ಮೇಲೆ ನಡೆದು ಬರಲಿ, ಯಾರ ಅಪ್ಪಣೆಗೂ ಕಾಯದೆ. ಹತ್ತು ಬಗೆ ಅಡುಗೆ ಬೇಡ, ಗಂಜಿ ಉಪ್ಪಿನಕಾಯಿ ಸಾಕು ಎಂದು ಬರುವವರು ಮೊದಲೇ ಗಟ್ಟಿಯಾಗಿ ಹೇಳಲಿ. ಹೇಳಿದ್ದನ್ನು ಮನೆಯವರು ನಂಬಲಿ. ಆತಿಥ್ಯ ಮನೆಯ ಸೊಸೆಗೆ ಕಟ್ಟಿದ ಸೇವೆಯಾಗಿರುವುದು ನಿಂತ ದಿನ ಅದು ಎಲ್ಲರಿಗೂ ಹಗುರವಾಗುತ್ತದೆ. ಇದಾಗದೆ ಉಳಿದದ್ದೆಲ್ಲ ಬರಿ ಮಾತು ಎಂಬುದನ್ನು ನಾನು ಒಪ್ಪುತ್ತೇನೆ, ಆದ್ದರಿಂದಲೇ ಇದನ್ನು ಮಾಡಿ ಎನ್ನುತ್ತಿದ್ದೇನೆ.

ಬಂದವರ ತಪ್ಪನ್ನಷ್ಟೇ ಹೇಳಿದರೆ ಅರ್ಧ ಹೇಳಿದಂತೆ. ರೂಮು ಮಾಡುವುದೇ ಸಭ್ಯತೆ ಎಂಬ ಅಭಿಪ್ರಾಯ ಎಷ್ಟು ಕ್ರೂರವಾಗಬಲ್ಲದು ಎಂಬುದು ಗೊತ್ತಾಗುವುದು ದಾರಿ ತಿರುಗಿದಾಗ, ಬೇಲೆಕೇರಿಯವರು ಮಕ್ಕಳನ್ನು ಕರೆದುಕೊಂಡು ನಮ್ಮ ಊರಿಗೆ ಬರಬೇಕಾದಾಗ. ಉತ್ತರ ಕನ್ನಡಕ್ಕೆ ಸುಸಜ್ಜಿತ ಮಲ್ಟಿ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು ವರ್ಷಗಳಿಂದ ಇದೆ. 2022ರಲ್ಲಿ ಜಿಲ್ಲೆಯ ಜನ ಅದಕ್ಕಾಗಿ ದೊಡ್ಡ ಅಭಿಯಾನವನ್ನೇ ನಡೆಸಿದರು. ಮಗುವಿಗೆ ಗಂಭೀರ ಕಾಯಿಲೆಯಾದರೆ ಅಲ್ಲಿಯವರು ಮಣಿಪಾಲಕ್ಕೋ ಮಂಗಳೂರಿಗೋ ಓಡಬೇಕು, ಗಡಿ ದಾಟಿ ಗೋವಾಕ್ಕೆ ಹೋಗಬೇಕು, ಅರಬೈಲು ಘಟ್ಟ ಹತ್ತಿ ಹುಬ್ಬಳ್ಳಿ ಸೇರಬೇಕು. ಅಲ್ಲೂ ಆಗದಿದ್ದರೆ ಬೆಂಗಳೂರು. ಆ ಊರುಗಳಲ್ಲೆಲ್ಲ ಗೆಳೆಯರಿದ್ದಾರೆ, ಬೇಲೆಕೇರಿಯಲ್ಲಿ ಚಹಾ ಕುಡಿದವರು, ರಜೆಗೆ ಹೋಗಿ ಫೋಟೋ ತೆಗೆಸಿಕೊಂಡವರು. ಫೋನು ಬರುತ್ತದೆ. ಆಗ ಬರುವ ಉತ್ತರ ಏನು? "ಆಸ್ಪತ್ರೆ ಹತ್ತಿರಾನೇ ಲಾಡ್ಜುಗಳಿವೆ, ನಿಮಗೇ ಅನುಕೂಲ. ನಮ್ಮನೆಯಿಂದ ದೂರ ಆಗ್ತದೆ, ಟ್ರಾಫಿಕ್ಕು ಬೇರೆ."

ಅನುಕೂಲ ಎಂಬ ಈ ಮಾತನ್ನೇ ನಾವು ರಜೆಯಲ್ಲಿ ಅಭ್ಯಾಸ ಮಾಡಿಕೊಂಡದ್ದು. ರಜೆಯಲ್ಲಿ ಅವರ ಮನೆಯಲ್ಲಿ ಉಳಿಯದಿದ್ದವನು ಕಷ್ಟದಲ್ಲಿ ತನ್ನ ಮನೆಯ ಬಾಗಿಲು ಹೇಗೆ ತೆರೆದಾನು? ಜ್ವರದ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು, ಆಸ್ಪತ್ರೆಯ ಎದುರಿನ ಲಾಡ್ಜಿನ ಮೂರನೇ ಮಹಡಿಯಲ್ಲಿ, ಬಿಸಿನೀರಿಗಾಗಿ ಹುಡುಗನನ್ನು ಕೂಗಿ ಕರೆಯುತ್ತ ರಾತ್ರಿ ಕಳೆಯುವ ತಾಯಿಯನ್ನು ಕಣ್ಣಮುಂದೆ ತಂದುಕೊಳ್ಳಿ. ಊರಲ್ಲಿ ಇನ್ನೊಂದು ಮಗುವನ್ನು ಅಜ್ಜಿಯ ಹತ್ತಿರ ಬಿಟ್ಟು ಬಂದಿದ್ದಾಳೆ. ಅವಳಿಗೆ ಬೇಕಾದದ್ದು ಒಂದು ಅಡುಗೆಮನೆ, ಗಂಜಿ ಕಾಯಿಸಲು ಒಂದು ಒಲೆ, ರಿಪೋರ್ಟು ಓದಿ ಹೇಳುವ ಒಬ್ಬ ಮನುಷ್ಯ. ಅದೇ ಊರಿನ ಗೆಳೆಯನ ಮನೆಯಲ್ಲಿ ಒಂದು ಕೋಣೆ ಖಾಲಿ ಇದೆ. ಅದರಲ್ಲಿ ಟ್ರೆಡ್‌ಮಿಲ್ಲು, ಇಸ್ತ್ರಿ ಮೇಜು, ವರ್ಕ್ ಫ್ರಂ ಹೋಮಿನ ಕುರ್ಚಿ. ಮಕ್ಕಳು ಬಂದರೆ ಸೋಫಾ ಹಾಳಾಗುತ್ತದೆ, ಗೋಡೆಗೆ ಪೆನ್ಸಿಲು ಗೀಚುತ್ತಾರೆ. ಗೋಡೆಗೆ ಸುಣ್ಣ ಮತ್ತೆ ಬಳಿಯಬಹುದು. ಆ ತಾಯಿಯ ಆ ರಾತ್ರಿಯನ್ನು ಏನು ಮಾಡಿ ಸರಿಪಡಿಸುತ್ತೀರಿ?

ಅವರಿಗೆ ಪ್ರೈವಸಿ ಬೇಕಾಗುತ್ತದೆ, ನಮಗೂ ಬೇಕು ಎನ್ನುತ್ತಾರೆ. ಪ್ರೈವಸಿ ಬೇಕು, ಯಾರು ಬೇಡವೆಂದರು? ಮಗುವಿಗೆ ಹಾಲೂಡಿಸಲು ಒಂದು ಬಾಗಿಲು ಮುಚ್ಚಿಕೊಳ್ಳುವ ಜಾಗ, ಸ್ನಾನಕ್ಕೆ ಒಂದಿಷ್ಟು ಸಮಯ, ಮಧ್ಯಾಹ್ನ ಸುಮ್ಮನೆ ಮಲಗಲು ಬಿಡುವ ಸೌಜನ್ಯ. ಇದು ಎರಡು ಕೋಣೆಯ ಮನೆಯಲ್ಲೂ ಸಾಧ್ಯ, ಕೇಳುವ ಬಾಯಿ, ತಿಳಿಯುವ ಮನಸ್ಸು ಇದ್ದರೆ. ಯಾರೂ ಬಾರದಂತೆ ನೋಡಿಕೊಳ್ಳುವುದಕ್ಕೂ ಪ್ರೈವಸಿಗೂ ಸಂಬಂಧವಿಲ್ಲ.

ಕಾರವಾರವೆಂದರೆ ರವೀಂದ್ರನಾಥ ಠಾಗೋರ್ ಎಂದು ನಾವು ಕಡಲತೀರಕ್ಕೆ ಅವರ ಹೆಸರಿಟ್ಟು ಅಭಿಮಾನಪಡುತ್ತೇವೆ. ಅವರು ಅಲ್ಲಿಗೆ ಬಂದದ್ದು ಸಮುದ್ರ ನೋಡಿ ಹೋಗುವ ಪ್ರವಾಸಿಯಾಗಿ ಅಲ್ಲ. ಅಣ್ಣ ಸತ್ಯೇಂದ್ರನಾಥರು ಅಲ್ಲಿ ನ್ಯಾಯಾಧೀಶರಾಗಿದ್ದರು, ಮನೆಯವರ ಗುಂಪಿನೊಂದಿಗೆ ತಮ್ಮ ಅಣ್ಣನಲ್ಲಿಗೆ ಬಂದರು, ಉಳಿದರು, ಕಾಳಿ ನದಿಯಲ್ಲಿ ದೋಣಿ ಹತ್ತಿದರು, ಆ ಕಾಲದಲ್ಲಿ 'ಪ್ರಕೃತಿರ್ ಪ್ರತಿಶೋಧ್' ನಾಟಕ ಬರೆದರು. ಈ ಕರಾವಳಿಯನ್ನು ಒಳಗಿನಿಂದ ಕಾಣಲು ಯಾರದಾದರೂ ಮನೆಯ ಬಾಗಿಲಿನಿಂದ ಹೋಗಬೇಕು. ನಮ್ಮ ಮಕ್ಕಳಿಗೆ ಮಾತ್ರ ನಾವು ಈಜುಕೊಳದ ಅಂಚಿನಿಂದ ಕಡಲು ತೋರಿಸುತ್ತೇವೆ, ಅಲ್ಲಿ ಜನರೂ ಇದ್ದಾರೆ ಎಂಬುದನ್ನು ತೋರಿಸುವುದಿಲ್ಲ.

ಆದ್ದರಿಂದ ಬದಲಾಗಬೇಕಾದದ್ದು ನಾಳೆಯಲ್ಲ, ಈ ರಜೆಯಲ್ಲೇ. ಅಂಕೋಲೆಗೋ ಕಾರವಾರಕ್ಕೋ ಟಿಕೆಟು ಮಾಡಿಸಿದ್ದರೆ, ರೂಮು ರದ್ದು ಮಾಡಿ. ಗೆಳೆಯನಿಗೆ ಫೋನು ಮಾಡಿ "ಬರಬಹುದಾ?" ಎಂದು ಅಳುಕುತ್ತ ಕೇಳಬೇಡಿ, "ಮಕ್ಕಳನ್ನು ಕರೆದುಕೊಂಡು ಉಳಿಯೂಕೆ ಬರ್ತೇವೆ, ಯಾವ ದಿನ ಅನುಕೂಲ ಹೇಳು" ಎನ್ನಿ. ಅವನಿಗೆ ಆಗದಿದ್ದರೆ ಆಗದು ಎಂದು ಹೇಳುವಷ್ಟು ಸಲುಗೆ ಸ್ನೇಹದಲ್ಲಿರಬೇಕು, ಆಗ ದಿನ ಬದಲಿಸಿ, ಊರು ಬದಲಿಸಬೇಡಿ. ಮಕ್ಕಳ ಚಾದರ, ಔಷಧ, ಡಯಾಪರು ನೀವೇ ಒಯ್ಯಿರಿ. ಹೋಟೆಲಿಗೆ ಕೊಡುವ ದುಡ್ಡಿನಲ್ಲಿ ಆ ಮನೆಗೆ ಅಕ್ಕಿ, ಬೇಳೆ, ಹಣ್ಣು ಒಯ್ಯಿರಿ, ನಾಚಿಕೆಪಡಬೇಡಿ. ಮಗು ಒಡೆದದ್ದನ್ನು ಕಟ್ಟಿಕೊಡಿ, ಚೆಲ್ಲಿದ್ದನ್ನು ನೀವೇ ಒರೆಸಿ, ಹೊರಡುವ ದಿನ ಹಾಸಿಗೆ ಮಡಚಿ, ಕಸ ಗುಡಿಸಿ ಹೊರಡಿ. ಅತ್ತೆಗೆ ಸರಿಹೋಗುವುದಿಲ್ಲವಾದರೆ ಅತ್ತೆಯೊಂದಿಗೆ ಮನೆಯಲ್ಲೇ ಜಗಳವಾಡಿ ಮುಗಿಸಿ, ಗೆಳೆಯನ ತಾಯಿಯ ಮುಖದಲ್ಲಿ ಅದರ ನೆರಳು ಬೀಳಿಸಬೇಡಿ.

ಊರುಗಳಲ್ಲಿರುವವರಿಗೆ, ಮಣಿಪಾಲದ, ಮಂಗಳೂರಿನ, ಹುಬ್ಬಳ್ಳಿಯ, ಬೆಂಗಳೂರಿನ ಫ್ಲ್ಯಾಟುಗಳಲ್ಲಿರುವವರಿಗೆ ನನ್ನದು ಇನ್ನೂ ಖಡಾಖಂಡಿತ ಮಾತು. ಆ ಖಾಲಿ ಕೋಣೆಯಿಂದ ಟ್ರೆಡ್‌ಮಿಲ್ಲು ಈ ವಾರವೇ ತೆಗೆಯಿರಿ. ಎರಡು ಹಾಸಿಗೆ ಕೊಂಡು ಅಟ್ಟದ ಮೇಲಿಡಿ. ಕಡಲೂರಿನಿಂದ ಫೋನು ಬರುವವರೆಗೆ ಕಾಯಬೇಡಿ, ನೀವೇ ಮಾಡಿ. ಆಸ್ಪತ್ರೆಗೆ ಬಂದರೂ ಸರಿ, ಪರೀಕ್ಷೆಗೆ ಬಂದರೂ ಸರಿ, ಸುಮ್ಮನೆ ಬಂದರೂ ಸರಿ, ಮಕ್ಕಳ ಸಮೇತ ನಮ್ಮ ಮನೆಗೇ ಬರಬೇಕು, ಲಾಡ್ಜು ಹುಡುಕಿದರೆ ಜಗಳವಾಗುತ್ತದೆ ಎಂದು ಹೇಳಿ. ಹೇಳಿ ವಿಳಾಸ ಕಳಿಸಿ. ಕೀಲಿ ಯಾರ ಹತ್ತಿರ ಇರುತ್ತದೆ ಎಂದೂ ತಿಳಿಸಿ.